ಸಂಕಟಕಾಲದ ವಿಶ್ವಾಸ: ಮೈಸೂರು ನಗರದ ಕ್ರೈಸ್ತ ಭಕ್ತಿ ಆಚರಣೆಗಳ ಜಾನಪದೀಯ ವಿವೇಚನೆ

ಕಷ್ಟಕಾಲದಲ್ಲಿ ಮನುಷ್ಯನಿಗೂ ದೈವಕ್ಕೂ ಇರುವ ಸಂಬಂಧವನ್ನು ಕುರಿತು ಕನ್ನಡ ಗಾದೆಗಳು ಎರಡು ಬಗೆಯಲ್ಲಿ ಮಾತನಾಡುತ್ತವೆ. 'ಸಂಕಟ ಬಂದಾಗ ವೆಂಕಟರಮಣ' ಎಂಬ ಗಾದೆ ಕಷ್ಟ ಬಂದಾಗ ಮಾತ್ರ ದೇವರನ್ನು ನೆನೆಯುವ ಮನುಷ್ಯನ ಸ್ವಭಾವವನ್ನು ಹಾಸ್ಯ ಮಾಡುತ್ತದೆ. 'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ' ಎಂಬ ಗಾದೆ ಕಷ್ಟದ ನಡುವೆಯೂ ದೈವದ ಹೊಣೆಗಾರಿಕೆಯನ್ನು ನೆನಪಿಸುತ್ತದೆ. ಒಂದು ಭಕ್ತನನ್ನು ಪ್ರಶ್ನಿಸಿದರೆ ಇನ್ನೊಂದು ದೇವರನ್ನೇ ಪ್ರಶ್ನಿಸುತ್ತದೆ. ಸಂಕಟ ಮತ್ತು ವಿಶ್ವಾಸಗಳ ನಡುವಿನ ಈ ಎಳೆದಾಟ ಯಾವುದೇ ಒಂದು ಮತಕ್ಕೆ ಸೀಮಿತವಾದುದಲ್ಲ. ಆದರೆ ಪ್ರತಿಯೊಂದು ಸಮುದಾಯವೂ ಇದಕ್ಕೆ ತನ್ನದೇ ಆದ ಕಥನ, ಆಚರಣೆ ಹಾಗೂ ಪರಿಭಾಷೆಗಳನ್ನು ರೂಪಿಸಿಕೊಂಡಿದೆ.

ಮೈಸೂರು ಪ್ರಾಂತ್ಯದ ಜಾನಪದ ಅಧ್ಯಯನಗಳು ಮಲೆಯ ಮಾದೇಶ್ವರ, ಮಂಟೇಸ್ವಾಮಿ, ನಂಜುಂಡೇಶ್ವರ, ಚಾಮುಂಡೇಶ್ವರಿ ಮೊದಲಾದ ಪರಂಪರೆಗಳತ್ತ ಸಹಜವಾಗಿಯೇ ಹೆಚ್ಚು ಗಮನ ಹರಿಸಿವೆ. ಅದೇ ನೆಲದಲ್ಲಿ ಎರಡು ಶತಮಾನಗಳಿಗೂ ಮೀರಿ ಬಾಳಿ ಬಂದಿರುವ ಕ್ರೈಸ್ತ ಸಮುದಾಯಗಳ ಭಕ್ತಿಜೀವನಕ್ಕೆ ಅಷ್ಟು ಗಮನ ದೊರೆತಿಲ್ಲ. ಸಂಕಟಕಾಲದಲ್ಲಿ ದೇವರನ್ನು ನಂಬುವುದೆಂದರೆ ಏನು ಎಂಬ ಪ್ರಶ್ನೆಗೆ ಮೈಸೂರು ನಗರ ಹಾಗೂ ಅದರ ಆಸುಪಾಸಿನ ಕ್ರೈಸ್ತರು ಕೊಟ್ಟುಕೊಂಡ ಉತ್ತರಗಳನ್ನು ಅವರ ಸಂತಕಥನ, ಹರಕೆ ಮತ್ತು ಪ್ರಾರ್ಥನಾವಿಧಿಗಳ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಪರಿಭಾಷೆಯ ನೆಲೆ

ಕನ್ನಡ ಕ್ರೈಸ್ತರ ಮಾತಿನಲ್ಲಿ ಈ ವಿಷಯಕ್ಕೆ ಸಂಬಂಧಿಸಿದಂತೆ ಮೂರು ಪದಗಳು ಮುಖ್ಯವಾಗಿ ಕಾಣಿಸಿಕೊಳ್ಳುತ್ತವೆ: ನಂಬಿಕೆ, ವಿಶ್ವಾಸ, ನಿರೀಕ್ಷೆ. ಪ್ರಾಟೆಸ್ಟೆಂಟ್ ಪರಂಪರೆಯ 'ಸತ್ಯವೇದ'ದ ಭಾಷೆ 'ನಂಬಿಕೆ'ಯನ್ನು ಹೆಚ್ಚಾಗಿ ಬಳಸಿದರೆ ಕಥೋಲಿಕರ ಬಳಕೆಯಲ್ಲಿ 'ವಿಶ್ವಾಸ' ಹೆಚ್ಚು ರೂಢವಾಗಿದೆ. ಧರ್ಮಸಭೆಯ ಸದಸ್ಯರನ್ನು 'ವಿಶ್ವಾಸಿಗಳು' ಎಂದೇ ಕರೆಯುವುದುಂಟು. 'ನಿರೀಕ್ಷೆ' ಎಂಬ ಪದ ಸಾಮಾನ್ಯ ಕನ್ನಡದಲ್ಲಿ ಕಾಯುವಿಕೆಯನ್ನು ಸೂಚಿಸುತ್ತದೆ. ಕ್ರೈಸ್ತ ಪರಿಭಾಷೆಯಲ್ಲಿ ಅದು ಒಂದು ಧಾರ್ಮಿಕ ಗುಣವಾಗಿ, ಭರವಸೆಯ ಪರ್ಯಾಯವಾಗಿ ನಿಂತಿದೆ. ಕಾಯುವುದೇ ನಂಬುವುದರ ಒಂದು ರೂಪ ಎಂಬ ಅರ್ಥಛಾಯೆ ಕನ್ನಡ ಪದದೊಳಗೇ ಅಡಗಿರುವುದು ಗಮನಾರ್ಹ.

ಇದರ ಜೊತೆಗೆ ಬಲಿಪೂಜೆ, ಜಪಮಾಲೆ, ಪ್ರಸಾದ, ತೇರು, ಹರಕೆ ಮುಂತಾದ ಪದಗಳು ಈ ನೆಲದ ಹಳೆಯ ಭಕ್ತಿಪರಂಪರೆಗಳಿಂದ ಕ್ರೈಸ್ತರ ಆಚರಣೆಗೆ ಬಂದಿವೆ. ಪದದೊಂದಿಗೆ ಅದರ ಅರ್ಥಲೋಕವೂ ಬರುತ್ತದೆ. 'ಹರಕೆ' ಎಂಬ ಪದವನ್ನು ಬಳಸುವ ಕ್ರೈಸ್ತ ಭಕ್ತನು ಹೊತ್ತು ತೀರಿಸುವ, ತಪ್ಪಿದರೆ ಅಂಜುವ ಒಂದು ಪುರಾತನ ಸಂಬಂಧವನ್ನೂ ತನ್ನೊಡನೆ ಒಯ್ಯುತ್ತಾನೆ. ಈ ಅರ್ಥಲೋಕಕ್ಕೂ ಧರ್ಮಶಾಸ್ತ್ರದ ಬೋಧನೆಗೂ ನಡುವೆ ಇರುವ ಅಂತರ ಮುಂದಿನ ಚರ್ಚೆಯ ಕೇಂದ್ರವಾಗಿದೆ.

೨. ಚಾರಿತ್ರಿಕ ಹಿನ್ನೆಲೆ

ಮೈಸೂರು ಸೀಮೆಯ ಕ್ರೈಸ್ತ ಸಮುದಾಯದ ನೆನಪುಗಳಲ್ಲಿ ಸಂಕಟದ ಅಧ್ಯಾಯಗಳು ಹಲವು. ೧೭೮೪ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ, ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ೧೭೯೯ರಲ್ಲಿ ಟಿಪ್ಪು ಸುಲ್ತಾನನ ಪತನದೊಂದಿಗೆ ಆ ಸೆರೆ ಕೊನೆಗೊಂಡಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಗುರುಗಳಿಲ್ಲದೆ, ಗುಡಿಯಿಲ್ಲದೆ ಹದಿನೈದು ವರ್ಷ ಕಳೆದ ಜನ ತಮ್ಮ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡರೆಂಬ ನೆನಪು ಸಮುದಾಯದಲ್ಲಿ ದೃಢವಾಗಿದೆ. ವಿಧಿಯನ್ನು ನಡೆಸುವ ಅಧಿಕೃತ ವ್ಯಕ್ತಿ ಇಲ್ಲದಾಗ ಮೌಖಿಕ ಪರಂಪರೆಯೇ ಧರ್ಮದ ಆಸರೆಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

೧೭೯೯ರ ಅನಂತರ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಗುರು ಆಬೆ ದುಬಾಯ್ ೧೮೨೩ರವರೆಗೆ ಈ ಸೀಮೆಯಲ್ಲಿ ಕೆಲಸ ಮಾಡಿದರು. ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು. ಹಾಸನ ಸಮೀಪದ ಸಾತಹಳ್ಳಿ ಅವುಗಳಲ್ಲಿ ಪ್ರಮುಖವಾದುದು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಪದ್ಧತಿಯನ್ನು ಜನರಲ್ಲಿ ಹರಡಿದವರಲ್ಲಿ ಅವರೂ ಒಬ್ಬರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಪ್ರಾರ್ಥನೆ ಕಲಿಸಿದ ಕೈಯೇ ಚುಚ್ಚುಮದ್ದಿಗೂ ಪ್ರೇರಣೆ ನೀಡಿತು ಎಂಬುದು ಮುಖ್ಯ. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದಲ್ಲ ಎಂಬ ತಿಳಿವು ಈ ಪರಂಪರೆಯ ಆರಂಭದಲ್ಲಿಯೇ ಇದೆ.

೧೮೭೬ರಿಂದ ೧೮೭೮ರವರೆಗಿನ ಬರವನ್ನು ಹಳೆಯ ಮೈಸೂರಿನ ಜನ ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಾರೆ. ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಹೊತ್ತಿಗೆ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಕಥೋಲಿಕ ಹಾಗೂ ವೆಸ್ಲಿಯನ್ ಮಿಷನ್ನುಗಳು ಆಗ ತಬ್ಬಲಿ ಮಕ್ಕಳಿಗೆ ಆಶ್ರಯ ನೀಡಿದವು. ಹಲವು ಕ್ರೈಸ್ತ ಮನೆತನಗಳ ಮೂಲಕಥನ ಈ ಬರದಲ್ಲಿ ಬೇರು ಬಿಟ್ಟಿದೆ. ಬರಗಾಲದ ಗಂಜಿಗಾಗಿ ಮತ ಬದಲಿಸಿದರೆಂಬ ಹೊರಗಿನ ಆಕ್ಷೇಪವೂ, ಕೈಬಿಟ್ಟ ಲೋಕದಲ್ಲಿ ಕೈಹಿಡಿದ ದೇವರೆಂಬ ಒಳಗಿನ ಕಥನವೂ ಒಂದೇ ಘಟನೆಯ ಸುತ್ತ ಹುಟ್ಟಿರುವುದನ್ನು ಸಂಶೋಧಕರು ಒಟ್ಟಿಗೇ ಪರಿಶೀಲಿಸಬೇಕಾಗುತ್ತದೆ. ಹಸಿವು ಮತ್ತು ಭಕ್ತಿ ಬೇರೆಬೇರೆ ಎಂದು ಭಾವಿಸುವುದು ಹೊಟ್ಟೆ ತುಂಬಿದವರ ತರ್ಕ. ಬರದಲ್ಲಿ ಬದುಕುಳಿದವರಿಗೆ ಅನ್ನವೇ ದೈವಕರುಣೆಯ ಮೊದಲ ಗುರುತಾಗಿತ್ತು.

೧೮೯೮ರಲ್ಲಿ ಪ್ಲೇಗು ಸಂಸ್ಥಾನವನ್ನು ಪ್ರವೇಶಿಸಿತು. ಇಲಿ ಬಿದ್ದ ಮನೆಗಳನ್ನು ತೊರೆದು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡರು. ಮೈಸೂರು ನಗರದ ಇಕ್ಕಟ್ಟಾದ ಕೇರಿಗಳನ್ನು ಒಡೆದು ಹೊಸ ಬಡಾವಣೆಗಳನ್ನು ನಿರ್ಮಿಸುವ ಸಲುವಾಗಿ ೧೯೦೩ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಸ್ಥಾಪನೆಯಾದುದಕ್ಕೆ ಈ ಪಿಡುಗೂ ಕಾರಣ. ಜನಪದರು ಪ್ಲೇಗನ್ನೇ ಅಮ್ಮನನ್ನಾಗಿ ಮಾಡಿ ಪ್ಲೇಗಿನಮ್ಮ, ಪ್ಲೇಗು ಮಾರಮ್ಮ ಎಂದು ಪೂಜಿಸಿದರು. ಕಥೋಲಿಕ ಪರಂಪರೆಯಲ್ಲಿ ಪಿಡುಗಿನ ಕಾಲಕ್ಕೆ ಮೊರೆಹೋಗುವ ಸಂತರು ಮೊದಲೇ ಇದ್ದರು. ಬಾಣಗಳು ನಾಟಿದ ಮೈಯ ಸಂತ ಸೆಬಾಸ್ಟಿಯನ್ ಹಾಗೂ ತೊಡೆಯ ಹುಣ್ಣನ್ನು ತೋರಿಸುತ್ತ ನಿಂತ ಸಂತ ರೋಕ್ ಯುರೋಪಿನ ಪ್ಲೇಗಿನ ಕಾಲದಿಂದಲೂ ಇದಕ್ಕೆ ಪ್ರಸಿದ್ಧರು. ಎರಡು ಮಾದರಿಗಳಿಗೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಪ್ಲೇಗಿನಮ್ಮ ರೋಗವನ್ನು ತರುವವಳೂ ಹೌದು, ಒಯ್ಯುವವಳೂ ಹೌದು, ಅವಳನ್ನು ತಣಿಸಬೇಕು. ಸೆಬಾಸ್ಟಿಯನ್ ಹಾಗೂ ರೋಕ್ ರೋಗವನ್ನು ತರುವವರಲ್ಲ, ನೊಂದವರು. ಅಲ್ಲಿ ಭಕ್ತನು ತನ್ನಂತೆಯೇ ನೊಂದ ಒಬ್ಬನ ಕೈ ಹಿಡಿಯುತ್ತಾನೆ.

೩. ಸಂತ ಫಿಲೋಮಿನಾ: ನೆಲಮಾಳಿಗೆಯ ಭಕ್ತಿ

ನೊಂದ ದೈವಸಾಕ್ಷಿಯ ಕೈ ಹಿಡಿಯುವ ಈ ಮಾದರಿಗೆ ಮೈಸೂರು ನಗರದಲ್ಲಿ ಪ್ರಮುಖ ನಿದರ್ಶನ ಅಶೋಕ ರಸ್ತೆಯ ಸಂತ ಫಿಲೋಮಿನಾ ಪ್ರಧಾನಾಲಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೮೪೩ರಲ್ಲಿ ಕಟ್ಟಲಾಗಿದ್ದ ಹಳೆಯ ದೇವಾಲಯದ ಸ್ಥಳದಲ್ಲಿ ಇಂದಿನ ಕಟ್ಟಡ ಎದ್ದಿತು. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ಟಿ.ಆರ್.ಎ. ತಂಬುಚೆಟ್ಟಿಯವರು ೧೯೨೬ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ಸಂತ ಫಿಲೋಮಿನಾಳ ಪವಿತ್ರ ಅವಶೇಷವನ್ನು ಪಡೆದುದು ಈ ನಿರ್ಮಾಣಕ್ಕೆ ಮೂಲಪ್ರೇರಣೆ. ೧೯೩೩ರ ಅಕ್ಟೋಬರ್ ೨೮ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದರು. ದೈವದ ಕರುಣೆ ಹಾಗೂ ಮನುಷ್ಯರ ಕೃತಜ್ಞತೆ ಎಂಬ ಎರಡು ತಳಪಾಯಗಳ ಮೇಲೆ ಈ ಆಲಯ ನಿಲ್ಲುವುದೆಂಬ ಆಶಯದ ಮಾತುಗಳನ್ನು ಅವರು ಅಂದು ಆಡಿದರೆಂದು ದಾಖಲಾಗಿದೆ. ಜರ್ಮನಿಯ ಕಲೋನ್ ಪ್ರಧಾನಾಲಯವನ್ನು ನೆನಪಿಸುವ ಗಾಥಿಕ್ ಶೈಲಿಯ, ೧೭೫ ಅಡಿ ಎತ್ತರದ ಅವಳಿ ಗೋಪುರಗಳು ನಗರದ ಗುರುತಾಗಿವೆ.

ಪ್ರವಾಸಿಗರು ಗೋಪುರವನ್ನು ತಲೆಯೆತ್ತಿ ನೋಡಿದರೆ ಸಂಕಟದಲ್ಲಿರುವವರು ಕೆಳಗಿಳಿಯುತ್ತಾರೆ. ಬಲಿಪೀಠದ ಅಡಿಯ ನೆಲಮಾಳಿಗೆಯಲ್ಲಿ ಮಲಗಿದ ಭಂಗಿಯ ಫಿಲೋಮಿನಾಳ ಪ್ರತಿಮೆ ಇದೆ. ಇಕ್ಕಟ್ಟಾದ ದಾರಿಯಲ್ಲಿ ಸಾಲಾಗಿ ಇಳಿದು, ಕ್ಷಣಹೊತ್ತು ನಿಂತು, ಇನ್ನೊಂದು ಕಡೆಯಿಂದ ಮೇಲೇರಿ ಬರುವ ಈ ಚಲನೆಯೇ ಒಂದು ಆಚರಣೆಯಾಗಿದೆ. ಜಾನಪದೀಯವಾಗಿ ನೋಡಿದರೆ ಇಳಿಯುವುದು, ಸಾವಿನ ಮುಂದೆ ನಿಲ್ಲುವುದು, ಮತ್ತೆ ಬೆಳಕಿಗೆ ಬರುವುದು ಎಂಬ ಮೂರು ಹಂತಗಳು ಇದರಲ್ಲಿವೆ. ಮೇಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಕ್ರಿಸ್ತನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನಗಳ ಚಿತ್ರಗಳಿವೆ. ಅಕ್ಷರ ಬಾರದ ಭಕ್ತನ ಕಾಲುಗಳು ಅದೇ ಕಥನವನ್ನು ನಡೆದು ತೋರಿಸುತ್ತವೆ ಎನ್ನಬಹುದು.

ಫಿಲೋಮಿನಾಳ ಕಥನದ ಇತಿಹಾಸ ಇನ್ನೂ ಕುತೂಹಲಕರ. ೧೮೦೨ರ ಮೇ ೨೫ರಂದು ರೋಮಿನ ಪ್ರಿಶಿಲ್ಲಾ ಭೂಗತ ಸಮಾಧಿಗಳಲ್ಲಿ ಒಬ್ಬ ಎಳೆಯ ಹುಡುಗಿಯ ಅಸ್ಥಿಗಳು ದೊರೆತವು. ಸಮಾಧಿಯನ್ನು ಮುಚ್ಚಿದ್ದ ಮೂರು ಹೆಂಚುಗಳ ಮೇಲಿನ ಬರಹ ಇದ್ದ ಕ್ರಮದಲ್ಲಿ ಅರ್ಥವಾಗುತ್ತಿರಲಿಲ್ಲ. ಮೊದಲನೆಯ ಹೆಂಚನ್ನು ಕೊನೆಗೆ ಇರಿಸಿ ಓದಿದಾಗ 'ಪಾಕ್ಸ್ ತೇಕುಮ್ ಫಿಲುಮೆನಾ', ಅಂದರೆ 'ಫಿಲುಮೆನಾ, ನಿನಗೆ ಶಾಂತಿ' ಎಂಬ ಅರ್ಥ ಹೊರಟಿತು. ಹೆಂಚುಗಳ ಮೇಲೆ ಲಂಗರು, ಬಾಣ, ತಾಳೆಗರಿಗಳ ಚಿತ್ರಗಳಿದ್ದವು. ೧೮೦೫ರಲ್ಲಿ ಅಸ್ಥಿಗಳನ್ನು ಇಟಲಿಯ ಮುಗ್ನಾನೋ ಎಂಬ ಊರಿಗೆ ಒಯ್ದ ಮೇಲೆ ಪವಾಡಗಳ ಸುದ್ದಿ ಹಬ್ಬಿತು. ಚಕ್ರವರ್ತಿಯ ಬಯಕೆಗೆ ಮಣಿಯದೆ ಚಾವಟಿ, ಲಂಗರು, ಬಾಣಗಳ ಹಿಂಸೆ ಅನುಭವಿಸಿ ಕಡೆಗೆ ಶಿರಚ್ಛೇದಕ್ಕೆ ಒಳಗಾದ ರಾಜಕುಮಾರಿಯ ಕಥೆ ೧೮೩೦ರ ದಶಕದಲ್ಲಿ ಒಬ್ಬ ಸನ್ಯಾಸಿನಿಯ ದರ್ಶನಗಳ ಮೂಲಕ ಪ್ರಚಾರಕ್ಕೆ ಬಂದಿತು. ಅಂದರೆ ಹೆಂಚಿನ ಚಿತ್ರಗಳೇ ಕಥೆಯ ಬೀಜಗಳಾದವು. ೧೮೩೫ರಲ್ಲಿ ಫ್ರಾನ್ಸಿನ ಪೌಲೀನ್ ಜಾರಿಕೊ ಮುಗ್ನಾನೋದಲ್ಲಿ ಗುಣಮುಖಳಾದ ಸುದ್ದಿಯ ಬಳಿಕ, ೧೮೩೭ರಲ್ಲಿ ಪೋಪ್ ಹದಿನಾರನೆಯ ಗ್ರೆಗರಿ ಆರಾಧನೆಗೆ ಅನುಮತಿ ನೀಡಿದರು. ಫ್ರೆಂಚ್ ಗುರುಗಳು ಕೆಲಸ ಮಾಡಿದ ಮೈಸೂರಿಗೆ, ಫ್ರಾನ್ಸಿನಲ್ಲಿ ಜನಪ್ರಿಯಳಾದ ಈ ಸಂತಳ ಭಕ್ತಿ ಬಂದುದು ಸಹಜ.

೧೯೬೧ರಲ್ಲಿ ರೋಮಿನ ಆದೇಶವೊಂದು ಫಿಲೋಮಿನಾಳ ಹಬ್ಬವನ್ನು ಧರ್ಮಸಭೆಯ ಎಲ್ಲ ಪಂಚಾಂಗಗಳಿಂದ ತೆಗೆದುಹಾಕಿತು. ಚಾರಿತ್ರಿಕ ಆಧಾರಗಳು ಸಾಲವೆಂಬುದೇ ಇದರ ಹಿನ್ನೆಲೆ. ಖಾಸಗಿ ಭಕ್ತಿಯನ್ನು ನಿಷೇಧಿಸಲಿಲ್ಲವಾದರೂ, ಯಾರ ಹೆಸರಿನಲ್ಲಿ ಆಲಯ ನಿಂತಿದೆಯೋ ಆಕೆಯೇ ಪಂಚಾಂಗದಲ್ಲಿ ಇಲ್ಲವೆಂಬ ಸ್ಥಿತಿ ಉಂಟಾಯಿತು. ಮೈಸೂರಿನ ಪ್ರಧಾನಾಲಯಕ್ಕೆ ಸಂತ ಜೋಸೆಫರ ಹೆಸರೂ ಇದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಫಿಲೋಮಿನಾ ಚರ್ಚು. ಆಗಸ್ಟ್ ೧೧ರ ಆಕೆಯ ನೆನಪು ಮರೆಯಾಗಲಿಲ್ಲ, ನೆಲಮಾಳಿಗೆಯ ಸಾಲೂ ನಿಲ್ಲಲಿಲ್ಲ.

ಭಕ್ತಸಮುದಾಯಕ್ಕೆ ಎದುರಾದ ಈ ಸಂಕಟ ರೋಗದ್ದಲ್ಲ, ಬರದ್ದಲ್ಲ, ಅನುಮಾನದ್ದು. ಅದನ್ನು ಜನ ಎದುರಿಸಿದ ಬಗೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅವರ ವಿಶ್ವಾಸ ಸಂತಳ ಜೀವನಚರಿತ್ರೆಯ ವಿವರಗಳ ಮೇಲೆ ನಿಂತಿರಲಿಲ್ಲ. ಕಷ್ಟದಲ್ಲಿ ಮೊರೆಯಿಟ್ಟಾಗ ಒಬ್ಬ ಆಲಿಸುವವಳಿದ್ದಾಳೆ ಎಂಬ ಅನುಭವದ ಮೇಲೆ ಅದು ನಿಂತಿತ್ತು. ಚರಿತ್ರೆ ಕೇಳುವ ಪ್ರಶ್ನೆ 'ಆಕೆ ಯಾರು?' ಎಂಬುದು. ನೆಲಮಾಳಿಗೆಗೆ ಇಳಿಯುವವರ ಪ್ರಶ್ನೆ 'ಆಕೆ ಕೇಳುವಳೇ?' ಎಂಬುದು.

೪. ಡೋರ್ನಹಳ್ಳಿ: ಮುನಿದು ಒಲಿಯುವ ಸಂತ

ಮೈಸೂರು ನಗರದ ಕ್ರೈಸ್ತರ ಹರಕೆಯ ಭೂಪಟ ನಗರದ ಎಲ್ಲೆಯನ್ನು ಮೀರುತ್ತದೆ. ಕೃಷ್ಣರಾಜನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರ ಇದರಲ್ಲಿ ಮುಖ್ಯವಾದುದು. ೨೦೧೯ರಲ್ಲಿ ಪೋಪ್ ಫ್ರಾನ್ಸಿಸ್ ಇದಕ್ಕೆ ಕಿರಿಯ ಬೆಸಿಲಿಕಾ ಪದವಿ ನೀಡಿದರು. ಜೂನ್ ೧೩ರ ಹಬ್ಬಕ್ಕೆ ನಗರದಿಂದಲೂ ಸುತ್ತಲಿನ ಹಳ್ಳಿಗಳಿಂದಲೂ ಎಲ್ಲ ಮತಗಳ ಜನ ಸೇರುತ್ತಾರೆ.

ಈ ಕ್ಷೇತ್ರದ ಸ್ಥಳಕಥನ ಹೀಗಿದೆ. ಒಬ್ಬ ರೈತ ಹೊಲ ಉಳುತ್ತಿರುವಾಗ ನೇಗಿಲಿಗೆ ಮರದ ಪ್ರತಿಮೆಯೊಂದು ತಗುಲಿತು. ಅದನ್ನು ಆಟದ ಗೊಂಬೆಯೆಂದು ತಿಳಿದು ಮಕ್ಕಳಿಗೆ ಕೊಟ್ಟ. ನಿಲುವಂಗಿ ತೊಟ್ಟ ವ್ಯಕ್ತಿ ಕನಸಿನಲ್ಲಿ ಬಂದು ತನಗೊಂದು ಗುಡಿ ಕಟ್ಟಿಸೆಂದ. ರೈತ ಕಿವಿಗೊಡಲಿಲ್ಲ. ಮನೆಗೆ ಕಷ್ಟಗಳು ಮೇಲಿಂದ ಮೇಲೆ ಬಂದವು. ಕಡೆಗೆ ಅದು ಕ್ರೈಸ್ತ ಸಂತ ಅಂತೋಣಿಯವರ ಪ್ರತಿಮೆಯೆಂದು ತಿಳಿದು ಪುಟ್ಟ ಗುಡಿ ಕಟ್ಟಿದ ಮೇಲೆ ಕಷ್ಟ ನೀಗಿತು.

ಈ ಕಥನದ ಆಶಯಗಳು ಕನ್ನಡ ಜಾನಪದಕ್ಕೆ ಹೊಸವಲ್ಲ. ನೇಗಿಲಿಗೆ ತಗುಲಿದ ದೈವ, ಅವಗಣನೆ, ಕನಸಿನ ಸೂಚನೆ, ಕೇಡು, ಒಪ್ಪಿಗೆ, ಗುಡಿ ಎಂಬ ಸರಣಿ ಹಲವು ಉದ್ಭವಮೂರ್ತಿಗಳ ಸ್ಥಳಪುರಾಣಗಳಲ್ಲಿ ಕಾಣುತ್ತದೆ. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಬೇವಿನಹಟ್ಟಿ ಕಾಳಮ್ಮ ದೈವವನ್ನು ಕಡೆಗಣಿಸಿ ಸಿರಿ ಕಳೆದುಕೊಳ್ಳುವ ಭಾಗವನ್ನು ಇದರೊಂದಿಗೆ ಹೋಲಿಸಬಹುದು. ಇಟಲಿಯ ಪಾದುವಾದಲ್ಲಿ ೧೨೩೧ರಲ್ಲಿ ತೀರಿಕೊಂಡ ಫ್ರಾನ್ಸಿಸ್ಕನ್ ಸನ್ಯಾಸಿ, ಕಾವೇರಿ ಬಯಲಿನಲ್ಲಿ ಮಣ್ಣಿನಿಂದ ಎದ್ದುಬಂದ ದೈವವಾದದ್ದು ಹೀಗೆ.

ಆದರೆ ಈ ಕಥನ ವಿಶ್ವಾಸದ ಬಗ್ಗೆ ಒಂದು ಕಠಿಣ ಪ್ರಶ್ನೆಯನ್ನು ಎತ್ತುತ್ತದೆ. ಸಂತ ಮುನಿದುದರಿಂದ ಕಷ್ಟ ಬಂತು ಎಂದರೆ, ಕಷ್ಟದಲ್ಲಿರುವ ಪ್ರತಿಯೊಬ್ಬನೂ ಏನೋ ತಪ್ಪು ಮಾಡಿದವನೇ ಆಗುತ್ತಾನೆ. ಕಾಯಿಲೆ ಬಿದ್ದ ಮಗುವಿನ ತಾಯಿಗೆ 'ಯಾವ ಹರಕೆ ತಪ್ಪಿಸಿದೆ?' ಎಂಬ ಪ್ರಶ್ನೆ ರೋಗಕ್ಕಿಂತ ಹೆಚ್ಚಿನ ನೋವನ್ನು ಕೊಡಬಲ್ಲದು. ಬೈಬಲ್ಲಿನ ಯೋಬನ ಗ್ರಂಥ ಎದುರಿಸುವುದು ಇದೇ ಪ್ರಶ್ನೆಯನ್ನು. ಮಕ್ಕಳನ್ನೂ ಸಂಪತ್ತನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಬಳಿಗೆ ಬಂದ ಗೆಳೆಯರು ಮೊದಲು ಏಳು ದಿನ ಮೌನವಾಗಿ ಕೂರುತ್ತಾರೆ. ಬಾಯಿ ತೆರೆದ ಮೇಲೆ ಅವನ ಪಾಪವೇ ಕಾರಣವೆಂದು ವಾದಿಸುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ತಪ್ಪಿತಸ್ಥರೆಂದು ಹೇಳುವುದು ದೂರಿದ ಯೋಬನನ್ನಲ್ಲ, ದೇವರ ಪರ ವಕೀಲಿ ಮಾಡಿದ ಗೆಳೆಯರನ್ನು. ರಾಘವಾಂಕನ ಹರಿಶ್ಚಂದ್ರನ ಕಷ್ಟಕ್ಕೂ ಅವನ ತಪ್ಪು ಕಾರಣವಲ್ಲ ಎಂಬುದನ್ನು ಕನ್ನಡ ಓದುಗರು ಇಲ್ಲಿ ನೆನೆಯಬಹುದು. ಎರಡು ಪರಂಪರೆಗಳಲ್ಲಿಯೂ ಕಷ್ಟವನ್ನು ಶಿಕ್ಷೆಯೆಂದು ಓದುವ ದೃಷ್ಟಿ ಇದೆ, ಅದನ್ನು ನಿರಾಕರಿಸುವ ದೃಷ್ಟಿಯೂ ಇದೆ.

೫. ಹರಕೆ ಮತ್ತು ಒಡಂಬಡಿಕೆ

ಸಂಕಟದಲ್ಲಿ ದೇವರೊಡನೆ ಸಂಬಂಧ ಕಟ್ಟುವ ಎರಡು ಮುಖ್ಯ ರೂಪಗಳನ್ನು ಮೈಸೂರಿನ ಕ್ರೈಸ್ತರಲ್ಲಿ ಗುರುತಿಸಬಹುದು. ಮೊದಲನೆಯದು ಹರಕೆ. ಮೇಣದಬತ್ತಿ ಹಚ್ಚುವುದು, ಒಂಬತ್ತು ದಿನಗಳ ನೊವೇನಾ ನಡೆಸುವುದು, ಮಂಗಳವಾರಗಳಂದು ಸಂತ ಅಂತೋಣಿಯವರಿಗೆ ಪ್ರಾರ್ಥನೆ ಸಲ್ಲಿಸುವುದು, ಮುಡಿ ಕೊಡುವುದು, ಬಡವರಿಗೆ ಅನ್ನ ಹಂಚುವುದು ಇದರ ಬಗೆಗಳು. ಸಂತರು ತಾವೇ ಕೊಡುವವರಲ್ಲ, ದೇವರಲ್ಲಿ ಬಿನ್ನವಿಸುವವರು ಎಂಬುದು ಧರ್ಮಸಭೆಯ ಬೋಧನೆ. ಜನರ ರೂಢಿಯಲ್ಲಿ ಈ ಭೇದ ಅನೇಕ ವೇಳೆ ಅಳಿಸಿಹೋಗುತ್ತದೆ.

ಹರಕೆಯನ್ನು ಕೇವಲ ವ್ಯಾಪಾರವೆಂದು ತಳ್ಳಿಹಾಕುವುದು ಸರಿಯಲ್ಲ. ನೊವೇನಾದ ಒಂಬತ್ತು ದಿನಗಳು ಆಕಾರವಿಲ್ಲದ ಆತಂಕಕ್ಕೆ ಒಂದು ಆಕಾರ ಕೊಡುತ್ತವೆ. ಆಸ್ಪತ್ರೆಯ ಫಲಿತಾಂಶಕ್ಕಾಗಿ, ಊರು ಬಿಟ್ಟ ಮಗನ ಪತ್ರಕ್ಕಾಗಿ ಕಾಯುವ ಮನೆಯಲ್ಲಿ ದಿನಗಳು ಎಣಿಕೆಗೆ ಸಿಗುತ್ತವೆ. ಇಂದು ಮಾಡಬೇಕಾದ ಕೆಲಸವೊಂದು ಇರುತ್ತದೆ. ನೆರೆಹೊರೆಯವರು ಜಪಮಾಲೆಗೆ ಬಂದು ಕೂರುವುದರಿಂದ ಕಷ್ಟ ಒಬ್ಬರದಾಗಿ ಉಳಿಯುವುದಿಲ್ಲ. ಹರಕೆ ತೀರಿಸುವಾಗ ಅನ್ನ ಹಂಚುವುದರಿಂದ ಒಬ್ಬರ ಬಿಡುಗಡೆ ಇನ್ನೊಬ್ಬರ ಊಟವಾಗುತ್ತದೆ.

ಎರಡನೆಯದು ಒಡಂಬಡಿಕೆ. ೧೯ನೆಯ ಶತಮಾನದಲ್ಲಿ ಮೈಸೂರಿನಲ್ಲಿ ನೆಲೆಯೂರಿದ ವೆಸ್ಲಿಯನ್ ಮಿಷನ್ನಿನ ಪರಂಪರೆ ೧೯೪೭ರಲ್ಲಿ ದಕ್ಷಿಣ ಭಾರತ ಸಭೆಯೊಂದಿಗೆ ಸೇರಿತು. ಸಂತರ ಮಧ್ಯಸ್ಥಿಕೆಯನ್ನೂ ಹರಕೆಯನ್ನೂ ಒಪ್ಪದ ಈ ಪರಂಪರೆಯಲ್ಲಿ ಜಾನ್ ವೆಸ್ಲಿ ೧೭೫೫ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಗೆ ವಿಶೇಷ ಸ್ಥಾನವಿದೆ. ಹೊಸ ವರ್ಷದ ಆರಂಭದಲ್ಲಿ ನಡೆಸುವ ಈ ವಿಧಿಯಲ್ಲಿ ವಿಶ್ವಾಸಿಯು ತನಗೆ ಕೆಲಸ ದೊರೆತರೂ ದೊರೆಯದಿದ್ದರೂ, ತುಂಬಿದರೂ ಬರಿದಾದರೂ ತಾನು ದೇವರವನೇ ಎಂಬ ಅರ್ಥದ ವಾಗ್ದಾನ ಮಾಡುತ್ತಾನೆ. ಹರಕೆ 'ನೀನು ಇದನ್ನು ಕೊಟ್ಟರೆ ನಾನು ಅದನ್ನು ಕೊಡುವೆ' ಎನ್ನುತ್ತದೆ. ಒಡಂಬಡಿಕೆಯ ಮಾತಿನಲ್ಲಿ 'ಕೊಟ್ಟರೆ' ಎಂಬ ಷರತ್ತೇ ಇಲ್ಲ. ಹರಕೆ ಸಂಕಟದ ನಡುವೆ ಹುಟ್ಟುತ್ತದೆ. ಒಡಂಬಡಿಕೆ ಸಂಕಟ ಬರುವ ಮುನ್ನವೇ ನಡೆದಿರುತ್ತದೆ.

ಷರತ್ತಿಲ್ಲದ ಈ ಅರ್ಪಣೆ ನಿಷ್ಕ್ರಿಯತೆಗೆ ದಾರಿಯಾಗಲಿಲ್ಲ ಎಂಬುದಕ್ಕೆ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೇ ಸಾಕ್ಷಿ. ೧೯೦೬ರಲ್ಲಿ ಆರಂಭವಾದ, ಜನರ ಬಾಯಲ್ಲಿ 'ಮಿಷನ್ ಆಸ್ಪತ್ರೆ'ಯಾದ ಈ ಸಂಸ್ಥೆ ಸ್ತ್ರೀಯರ ಹಾಗೂ ಮಕ್ಕಳ ಚಿಕಿತ್ಸೆಗೆ ಹೆಸರಾಯಿತು. ದೇವಿ ಹಾಕಿಸಿದ ದೊಡ್ಡಸ್ವಾಮಿಯವರಿಂದ ಈ ಆಸ್ಪತ್ರೆಯವರೆಗೆ ಮದ್ದು ಮತ್ತು ಪ್ರಾರ್ಥನೆ ಜೊತೆಯಾಗಿ ನಡೆದು ಬಂದಿವೆ.

ಹರಕೆ ಮತ್ತು ಅರ್ಪಣೆ ಎರಡನ್ನೂ ಜೋಡಿಸುವ ಕೊಂಡಿ ಎಲ್ಲ ಕ್ರೈಸ್ತರಿಗೂ ಸಾಮಾನ್ಯವಾದ ಪ್ರಭುವಿನ ಪ್ರಾರ್ಥನೆಯಲ್ಲಿದೆ. ಅದರಲ್ಲಿ ದೈವಚಿತ್ತ ನೆರವೇರಲೆಂಬ ಬೇಡಿಕೆ ಮೊದಲು, ಅನುದಿನದ ಆಹಾರದ ಬೇಡಿಕೆ ಆಮೇಲೆ ಬರುತ್ತದೆ. ಚಿತ್ತಕ್ಕೆ ಒಪ್ಪಿಸಿಕೊಂಡವನಿಗೂ ಅನ್ನ ಕೇಳುವ ಹಕ್ಕು ಉಳಿದಿದೆ. ಅನ್ನ ಕೇಳುವವನಿಗೂ ಚಿತ್ತಕ್ಕೆ ಒಪ್ಪಿಸುವ ಹೊಣೆ ಇದೆ.

೬. ಈಡೇರದ ಮೊರೆ

ಹರಕೆಯ ಕ್ಷೇತ್ರಗಳಲ್ಲಿ ದಾಖಲಾಗುವುದು ಈಡೇರಿದ ಪ್ರಾರ್ಥನೆಗಳು. ಗುಣವಾದವರು ಹಿಂದಿರುಗಿ ಬಂದು ಕೃತಜ್ಞತೆ ಸಲ್ಲಿಸುತ್ತಾರೆ. ಗುಣವಾಗದವರ ಮನೆಯವರು ಏನಾದರು ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಸಂಕಟಕಾಲದ ವಿಶ್ವಾಸವನ್ನು ಅಧ್ಯಯನ ಮಾಡುವವರು ಈ ಮೌನವನ್ನು ಗಮನಿಸದಿದ್ದರೆ ಅವರ ನಿರೂಪಣೆ ಅರ್ಧವಾಗುತ್ತದೆ.

ಈಡೇರದ ಮೊರೆಗೂ ಕ್ರೈಸ್ತ ಪರಂಪರೆಯಲ್ಲಿ ಜಾಗವಿದೆ. ಬೈಬಲ್ಲಿನ ೧೫೦ ಕೀರ್ತನೆಗಳಲ್ಲಿ ಸರಿಸುಮಾರು ಮೂರನೆಯ ಒಂದು ಭಾಗ ಪ್ರಲಾಪಗಳೇ. ಎಲ್ಲಿಯವರೆಗೆ ಕಾಯಬೇಕು, ಏಕೆ ಮರೆಯಾದೆ ಎಂದು ಅವು ದೇವರನ್ನೇ ಕೇಳುತ್ತವೆ. ಶಿಲುಬೆಯ ಮೇಲೆ ಯೇಸು ಕೂಗಿದ ಕೈಬಿಟ್ಟತನದ ಮಾತು ೨೨ನೆಯ ಕೀರ್ತನೆಯ ಆರಂಭವೇ ಆಗಿದೆ. ದೂರುವುದು ಅವಿಶ್ವಾಸವಲ್ಲ, ದೂರು ಕೇಳುವವನಿದ್ದಾನೆ ಎಂಬ ವಿಶ್ವಾಸವಿಲ್ಲದೆ ದೂರು ಹುಟ್ಟುವುದಿಲ್ಲ. 'ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ' ಎಂಬ ಗಾದೆಯ ಧ್ವನಿಯೂ ಇದೇ.

ತಪಸ್ಸುಕಾಲದ ಶುಕ್ರವಾರಗಳಂದು ನಡೆಯುವ ಶಿಲುಬೆಯ ಹಾದಿ ಈ ದೃಷ್ಟಿಯಿಂದ ಅತ್ಯಂತ ಮಹತ್ವದ ಆಚರಣೆ. ಹದಿನಾಲ್ಕು ನಿಲ್ದಾಣಗಳ ಈ ಭಕ್ತಿಯಲ್ಲಿ ಯೇಸು ಮೂರು ಬಾರಿ ಕುಸಿಯುತ್ತಾನೆ, ತಾಯಿಯನ್ನು ಎದುರುಗೊಳ್ಳುತ್ತಾನೆ, ದಾರಿಹೋಕ ಸಿಮೋನನ ಹೆಗಲನ್ನು ಪಡೆಯುತ್ತಾನೆ. ಹದಿನಾಲ್ಕನೆಯ ನಿಲ್ದಾಣ ಸಮಾಧಿ. ಸಾಂಪ್ರದಾಯಿಕ ರೂಪದಲ್ಲಿ ಪುನರುತ್ಥಾನದ ನಿಲ್ದಾಣವೇ ಇಲ್ಲ. ಪವಾಡವಿಲ್ಲದೆ, ಸಮಾಧಿಯ ಬಾಗಿಲಲ್ಲಿ ನಿಂತುಕೊಂಡೇ ಭಕ್ತರು ಮನೆಗೆ ಮರಳುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿ ನಾಲ್ಕನೆಯ ನಿಲ್ದಾಣದಲ್ಲಿ ಮರಿಯಳೊಡನೆ ನಿಲ್ಲಬಲ್ಲಳು. ಅಲ್ಲಿ ಅವಳನ್ನು ಯಾರೂ ಕಾರಣ ಕೇಳುವುದಿಲ್ಲ. ನವೆಂಬರ್ ೨ರಂದು, ಸಕಲ ಮೃತರ ನೆನಪಿನ ದಿನ, ಸಮಾಧಿಗಳನ್ನು ತೊಳೆದು ಹೂವಿಟ್ಟು ದೀಪ ಹಚ್ಚುವ ಆಚರಣೆಯೂ ಈ ಬಗೆಯದೇ. ಕಳೆದುಹೋದುದು ಮರಳಿ ಬರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಸಂಬಂಧವನ್ನು ಮುಂದುವರಿಸುವ ವಿಧಾನವಿದು.

೭. ಇತ್ತೀಚಿನ ಪಿಡುಗು

೨೦೨೦ರ ಮಾರ್ಚ್ ೨೫ರಿಂದ ದೇಶದಾದ್ಯಂತ ಜಾರಿಗೆ ಬಂದ ದಿಗ್ಬಂಧನ ಈ ಎಲ್ಲ ಆಚರಣೆಗಳನ್ನು ಒಮ್ಮೆಲೇ ನಿಲ್ಲಿಸಿತು. ಆ ವರ್ಷದ ಶುಭಶುಕ್ರವಾರ ಏಪ್ರಿಲ್ ೧೦ರಂದು, ಈಸ್ಟರ್ ೧೨ರಂದು ಬಂದವು. ಆಲಯಗಳ ಬಾಗಿಲು ಮುಚ್ಚಿದ್ದವು. ಮಾರ್ಚ್ ೨೭ರ ಸಂಜೆ ರೋಮಿನ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ ದೃಶ್ಯವನ್ನು ಜಗತ್ತು ದೂರದರ್ಶನದಲ್ಲಿ ಕಂಡಿತು. ಬಲಿಪೂಜೆಯನ್ನು ಪರದೆಯ ಮೇಲೆ ನೋಡುವ, ಪ್ರಸಾದವನ್ನು ಮನಸ್ಸಿನಲ್ಲಿಯೇ ಸ್ವೀಕರಿಸುವ ರೂಢಿ ಬಂದಿತು. ಅಂತ್ಯಕ್ರಿಯೆಗೆ ಇಪ್ಪತ್ತು ಜನರ ಮಿತಿ ಇತ್ತು. ನೆರೆಹೊರೆ ಜಪಮಾಲೆಗೆ ಬಂದು ಕೂರುವ ಆಸರೆಯೇ ಇಲ್ಲವಾದುದು ಸಾವಿಗಿಂತ ದೊಡ್ಡ ಪೆಟ್ಟು.

ಆದರೆ ಶ್ರೀರಂಗಪಟ್ಟಣದ ಸೆರೆಯ ನೆನಪನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಾತತ್ಯ ಕಾಣುತ್ತದೆ. ಗುರು ಮತ್ತು ಗುಡಿ ಎರಡೂ ಎಟುಕದಿದ್ದಾಗ ಮನೆಯೇ ಪ್ರಾರ್ಥನಾಲಯವಾಯಿತು. ಬಾಯಿಪಾಠದ ಜಪಮಾಲೆಗೆ ಪುಸ್ತಕವೂ ಬೇಡ, ಅನುಮತಿಯೂ ಬೇಡ. ಮೌಖಿಕ ಪರಂಪರೆಯ ಈ ಗುಣವೇ ಸಂಕಟಕಾಲದಲ್ಲಿ ಅದರ ಬಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಮೈಸೂರಿನ ಕ್ರೈಸ್ತರ ಸಂಕಟಕಾಲದ ವಿಶ್ವಾಸ ಏಕರೂಪದ್ದಲ್ಲ. ಅದರಲ್ಲಿ ಹರಕೆಯ ವಿನಿಮಯವಿದೆ, ಒಡಂಬಡಿಕೆಯ ಅರ್ಪಣೆಯಿದೆ, ಪ್ರಲಾಪದ ದೂರಿದೆ. ಮೊದಲನೆಯದು ಈ ನೆಲದ ಎಲ್ಲ ಭಕ್ತಿಪರಂಪರೆಗಳೊಡನೆ ಹಂಚಿಕೊಂಡದ್ದು. ಎರಡನೆಯದು ಮಿಷನ್ನುಗಳ ಮೂಲಕ ಬಂದದ್ದು. ಮೂರನೆಯದು ಬೈಬಲ್ಲಿನ ಹಳೆಯ ದನಿಗೂ ಕನ್ನಡ ಗಾದೆಯ ದನಿಗೂ ಸಮಾನವಾದದ್ದು. ಕಷ್ಟವನ್ನು ಶಿಕ್ಷೆಯೆಂದು ಓದುವ ಜನಪದ ಕಥನವನ್ನೂ, ಅದನ್ನು ನಿರಾಕರಿಸುವ ಶಿಲುಬೆಯ ಕಥನವನ್ನೂ ಸಮುದಾಯ ಒಟ್ಟಿಗೇ ಬಾಳಿಸಿಕೊಂಡು ಬಂದಿದೆ. ಇವುಗಳ ನಡುವಣ ವಿರೋಧವನ್ನು ಅದು ತರ್ಕದಿಂದ ಬಗೆಹರಿಸಿಲ್ಲ. ಹರಕೆ ಹೊತ್ತ ಕೈಯೇ ಶಿಲುಬೆಯ ಹಾದಿಯನ್ನೂ ನಡೆಸುತ್ತದೆ, ಆಸ್ಪತ್ರೆಯ ಬಾಗಿಲನ್ನೂ ತಟ್ಟುತ್ತದೆ.

ಅಸ್ತಿಭಾರದ ದಿನ ನಾಲ್ವಡಿಯವರು ಸೂಚಿಸಿದ ಎರಡು ತಳಪಾಯಗಳಲ್ಲಿ ಮನುಷ್ಯರ ಕೃತಜ್ಞತೆ ಒಂದು. ಕೃತಜ್ಞತೆ ಸಲ್ಲಿಸಲು ಬಂದವರನ್ನು ಕ್ಷೇತ್ರಗಳು ಬಲ್ಲವು. ಬೇಡಿದ್ದು ದೊರೆಯದೆಯೂ ಮತ್ತೆ ಬಂದು ಮೇಣದಬತ್ತಿ ಹಚ್ಚುವವರು ಅಲ್ಲಿನ ಸಾಲುಗಳಲ್ಲಿಯೇ ನಿಂತಿರುತ್ತಾರೆ. ಅವರ ಮಾತುಗಳನ್ನು, ಮೊರೆಗಳನ್ನು, ಮನೆಯ ಜಪಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯ ಆಗಬೇಕಾಗಿದೆ. ಸಂಕಟಕಾಲದ ವಿಶ್ವಾಸದ ಪೂರ್ಣ ಚಿತ್ರ ಅವರಿಲ್ಲದೆ ದೊರೆಯಲಾರದು.